ಒತ್ತಡದ ಹಾರ್ಮೋನುಗಳು ಮತ್ತು ಕರುಳಿನ ರೋಗಾಣುಗಳು

ಕೇಳುಗರಿಗೆ ನಮಸ್ಕಾರ. ಒತ್ತಡ ಹೆಚ್ಚಿದಾಗ ದೇಹದ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಆಗ ರೋಗ ಬರುತ್ತದೆ ಎಂಬ ವಿವರಣೆ ನಮಗೆಲ್ಲ ಪರಿಚಿತ. ಅದು ಸುಳ್ಳಲ್ಲ. ಆದರೆ ಆ ವಿವರಣೆ ರೋಗಾಣುವಿನ ಪಾಲನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

1992ರಲ್ಲಿ ಅಮೆರಿಕದ ವಿಜ್ಞಾನಿ ಮಾರ್ಕ್ ಲೈಟ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಪ್ರಯೋಗ ಸರಳವಾದದ್ದು. ಪೋಷಕಾಂಶ ಕಡಿಮೆಯಿದ್ದ, ರಕ್ತದ ತಿಳಿಭಾಗವಾದ ಸೀರಮ್ ಬೆರೆಸಿದ ದ್ರವದಲ್ಲಿ ಇ. ಕೋಲೈ, ಯರ್ಸಿನಿಯದಂತಹ ಬ್ಯಾಕ್ಟೀರಿಯಗಳನ್ನಿಟ್ಟು, ಅದಕ್ಕೆ ಒತ್ತಡದ ಹಾರ್ಮೋನಾದ ನಾರ್‌ಅಡ್ರಿನಲಿನ್ ಸೇರಿಸಿದಾಗ ಅವುಗಳ ಬೆಳವಣಿಗೆ ಬಹಳವಾಗಿ ಹೆಚ್ಚಿತು. ಪ್ರನಾಳದಲ್ಲಿ ರೋಗನಿರೋಧಕ ಕೋಶಗಳೇ ಇರಲಿಲ್ಲವಾದ್ದರಿಂದ, ಅವು ಕುಗ್ಗಿದವೆಂದು ಹೇಳುವಂತಿರಲಿಲ್ಲ.

ಇದಕ್ಕೆ ಒಂದು ಕಾರಣ ಕಬ್ಬಿಣ. ರೋಗಾಣುಗಳಿಗೆ ಸಿಗದಂತೆ ನಮ್ಮ ದೇಹವು ಕಬ್ಬಿಣವನ್ನು ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನಿನಲ್ಲಿ ಭದ್ರವಾಗಿ ಹಿಡಿದಿಟ್ಟಿರುತ್ತದೆ. ನಾರ್‌ಅಡ್ರಿನಲಿನ್ ಆ ಹಿಡಿತವನ್ನು ಸಡಿಲಿಸುತ್ತದೆ, ಸಡಿಲಗೊಂಡ ಕಬ್ಬಿಣವನ್ನು ಬ್ಯಾಕ್ಟೀರಿಯ ತಾನು ಸ್ರವಿಸಿದ ಎಂಟರೊಬ್ಯಾಕ್ಟಿನ್ ಎಂಬ ಅಣುವಿನಿಂದ ಸೆಳೆದುಕೊಳ್ಳುತ್ತದೆ.

ನನಗೆ ಇದಕ್ಕಿಂತ ವಿಸ್ಮಯಕರವಾಗಿ ತೋರುವುದು ರೋಗಾಣುವೇ ಈ ಹಾರ್ಮೋನುಗಳನ್ನು ಗ್ರಹಿಸುವ ಬಗೆ. 1982ರಲ್ಲಿ ಅಮೆರಿಕದಲ್ಲಿ ಹ್ಯಾಂಬರ್ಗರ್ ತಿಂದವರಲ್ಲಿ ರಕ್ತಭೇದಿಯುಂಟುಮಾಡಿ ಗುರುತಿಗೆ ಬಂದ ಇ. ಕೋಲೈ ಒ157 ಎಂಬ ತಳಿ, ದನಗಳ ಕರುಳಿನಲ್ಲಿ ಸಾಮಾನ್ಯವಾಗಿ ತೊಂದರೆ ಕೊಡದೆ ಇರುತ್ತದೆ, ಆದರೆ ಮನುಷ್ಯರ ದೊಡ್ಡ ಕರುಳಿನಲ್ಲಿ ಒಳಪದರಕ್ಕೆ ಅಂಟಿಕೊಂಡು ಶಿಗಾ ವಿಷವನ್ನು ಸ್ರವಿಸುತ್ತದೆ. ಅದು ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್‌ಗಳನ್ನು ಗ್ರಹಿಸುವುದು ಕ್ಯೂಎಸ್‌ಇಸಿ ಎಂಬ ಪ್ರೋಟೀನಿನ ಮೂಲಕ ಎಂದು 2006ರಲ್ಲಿ ಡಾಲಸ್‌ನ ವನೆಸ್ಸಾ ಸ್ಪೆರಾಂಡಿಯೊ ಅವರ ತಂಡ ತೋರಿಸಿತು. ಹಾರ್ಮೋನು ತಾಗಿದೊಡನೆ ಆ ಪ್ರೋಟೀನು ತನಗೆ ತಾನೇ ಫಾಸ್ಫೇಟ್ ಅಂಟಿಸಿಕೊಂಡು ಸಂಕೇತವನ್ನು ಒಳಕ್ಕೆ ದಾಟಿಸುತ್ತದೆ; ಈಜಲು ಬೇಕಾದ, ಬಾಲದಂತಹ ಕಶಾಂಗದ ಜೀನುಗಳೂ ಕರುಳಿಗೆ ಅಂಟಿಕೊಳ್ಳುವ ಜೀನುಗಳೂ ಚುರುಕಾಗುತ್ತವೆ. ರಚನೆಯಲ್ಲಿ ಅದು ನಮ್ಮ ಕೋಶಗಳ ಅಡ್ರಿನಲಿನ್ ಗ್ರಾಹಕವನ್ನು ಕಿಂಚಿತ್ತೂ ಹೋಲುವುದಿಲ್ಲ. ಹಾಗಿದ್ದೂ ನಮ್ಮ ಗ್ರಾಹಕವನ್ನು ತಡೆಯುವ ಫೆಂಟೊಲಮೈನ್ ಎಂಬ ಔಷಧ ಅದನ್ನೂ ತಡೆಯುತ್ತದೆ!

2008ರಲ್ಲಿ ಇದೇ ತಂಡ ಕ್ಯೂಎಸ್‌ಇಸಿಯನ್ನು ತಡೆಯುವ ಬೇರೊಂದು ಅಣುವನ್ನು ವರದಿ ಮಾಡಿತು. ಅದು ಬ್ಯಾಕ್ಟೀರಿಯವನ್ನು ಕೊಲ್ಲುವುದಿಲ್ಲ, ಅದರ ಉಪಟಳವನ್ನಷ್ಟೇ ತಗ್ಗಿಸುತ್ತದೆ. ಆದ್ದರಿಂದ ಔಷಧ ನಿರೋಧಕತೆ ಬೆಳೆಯುವ ಒತ್ತಾಯ ಕಡಿಮೆಯಿರಬಹುದೆಂಬ ನಿರೀಕ್ಷೆಯಿದೆ. ಆದರೆ ಈ ಪುರಾವೆಗಳು ಬಹುಮಟ್ಟಿಗೆ ಪ್ರನಾಳ ಮತ್ತು ಪ್ರಾಣಿಗಳಿಂದ ಬಂದವು. ಹಾಗಾಗಿ ಶಾಲೆ-ಕಾಲೇಜಿನ ಪರೀಕ್ಷೆಯ ಹೊತ್ತಿಗೆ ಹೊಟ್ಟೆ ಕೆಟ್ಟರೆ ಅದನ್ನೆಲ್ಲ ಈ ರೋಗಾಣುಗಳ ತಲೆಗೆ ಕಟ್ಟುವುದು ಸಲ್ಲದು. ಅಲ್ಲದೆ ದೇಹದ ಎಲ್ಲ ಸಂಕೇತಗಳೂ ರೋಗಾಣುವನ್ನು ಕೆರಳಿಸುವುದಿಲ್ಲ. ಬಹುಪಾಲು ಕರುಳಿನಲ್ಲೇ ತಯಾರಾಗುವ ಸೆರೊಟೋನಿನ್, ಇದೇ ಇ. ಕೋಲೈ ತಳಿಯ ರೋಗಕಾರಕ ಜೀನುಗಳನ್ನು ತಗ್ಗಿಸುತ್ತದೆಂದು 2020ರಲ್ಲಿ ಸ್ಪೆರಾಂಡಿಯೊ ಅವರ ತಂಡವೇ ವರದಿ ಮಾಡಿದೆ.