ಗೋಡೆಯೇ ಒಸರುವ ನಾಳ

ಕೇಳುಗರೇ, ನಮಸ್ಕಾರ.

ಬದಿಯಡ್ಕದ ಕಡೆಯ ಹಿರಿಯರೊಬ್ಬರು ಮೊನ್ನೆ ರಕ್ತಪರೀಕ್ಷೆಯ ವರದಿಯನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ಬಂದಿದ್ದರು. "ಕ್ರಿಯಾಟಿನಿನ್ ಹೋದ ಸಲದಷ್ಟೇ ಇದೆಯಲ್ಲ ಡಾಕ್ಟರೇ, ಇನ್ನು ಹೆದರಬೇಕಾಗಿಲ್ಲವಲ್ಲ?" ಎಂದರು. ಮೂತ್ರಪಿಂಡ ಸೋತಂತೆ ರಕ್ತದಲ್ಲಿ ಏರುವ ಕಲ್ಮಶವೇ ಕ್ರಿಯಾಟಿನಿನ್. ರಕ್ತದೊತ್ತಡ ನೋಡಿದರೆ 170/100. ಕಾಲಿನ ಮೇಲೆ ಬೆರಳೊತ್ತಿದೆ, ಗುಳಿ ಹಾಗೆಯೇ ಉಳಿಯಿತು. ಹೆದರಬೇಡಿ ಎನ್ನಲು ನನ್ನಿಂದಾಗಲಿಲ್ಲ.

ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಎಂದರೆ ಎಲ್ಲರಿಗೂ ಡಯಾಲಿಸಿಸ್‌ನದೇ ಭಯ. ಆದರೆ ಈ ರೋಗಿಗಳಲ್ಲಿ ಬಹಳಷ್ಟು ಮಂದಿಯನ್ನು ಅದಕ್ಕಿಂತ ಮೊದಲೇ ಹೃದಯದ ಕಾಯಿಲೆ ಕೊಂಡೊಯ್ಯುತ್ತದೆ. ನನ್ನನ್ನು ಕಾಡುವುದು ಇದೇ.

ರಕ್ತನಾಳವೆಂದರೆ ತೋಟಕ್ಕೆ ನೀರು ಬಿಡುವ ಪೈಪಿನಂತೆ ಎಂದು ನಾವು ತಿಳಿಯುತ್ತೇವೆ. ಅದಕ್ಕಿಂತ ನಮ್ಮ ಗುಡ್ಡದ ಸುರಂಗವನ್ನು ನೆನೆಯಿರಿ. ನೀರಿಗಾಗಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದ ಆ ಸುರಂಗದಲ್ಲಿ ಗೋಡೆಯೇ ನೀರನ್ನು ಒಸರುತ್ತದೆ. ರಕ್ತನಾಳದ ಒಳಗೆ ಒಂದೇ ಕೋಶದಷ್ಟು ದಪ್ಪದ ಪೊರೆಯಿದೆ. ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಒಸರುತ್ತದೆ. ನಾಳ ಸಡಿಲಗೊಳ್ಳಲು, ರಕ್ತ ಹೆಪ್ಪುಗಟ್ಟದೆ ಹರಿಯಲು ಇದು ನೆರವಾಗುತ್ತದೆ. ಮೊಲದ ಮಹಾಪಧಮನಿಯ ಈ ಪೊರೆಯನ್ನು ಉಜ್ಜಿ ತೆಗೆದರೆ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಕೊಟ್ಟರೂ ನಾಳ ಸಡಿಲಗೊಳ್ಳದು ಎಂದು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿದರು. 1998ರಲ್ಲಿ ಅವರಿಗೆ ಮತ್ತಿಬ್ಬರೊಂದಿಗೆ ನೊಬೆಲ್ ಬಂದಿತು.

ಮೂತ್ರಪಿಂಡ ಸೋತಾಗ ಎಡಿಎಂಎ ಎಂಬ ವಸ್ತು ರಕ್ತದಲ್ಲಿ ಸೇರುತ್ತಾ ಹೋಗಿ ಈ ಒಸರನ್ನೇ ಕಟ್ಟುತ್ತದೆ. ಹೊರಹೋಗದೆ ಉಳಿದ ಇಂಡಾಕ್ಸಿಲ್ ಸಲ್ಫೇಟ್‌ನಂತಹ ಕಲ್ಮಶಗಳು ಪೊರೆಯನ್ನು ಗಾಸಿಗೊಳಿಸುತ್ತವೆ. ನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. ಏರಿದ ಒತ್ತಡ ತಿರುಗಿ ಮೂತ್ರಪಿಂಡವನ್ನೇ ಕೆಡಿಸುತ್ತದೆ.

ಇದು ಕ್ರಿಯಾಟಿನಿನ್ ಒಂದನ್ನೇ ನೋಡಿದರೆ ತಿಳಿಯುವುದಿಲ್ಲ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರುತ್ತಿದೆಯೇ ಎಂದು ನೋಡಿಸಿ. ಹಾಗೆ ಸೋರುತ್ತಿದ್ದರೆ ಹೃದಯಕ್ಕೂ ಅಪಾಯ ಹೆಚ್ಚು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಂತೂ ವರ್ಷಕ್ಕೊಮ್ಮೆ ಈ ಪರೀಕ್ಷೆಯನ್ನು ತಪ್ಪಿಸಲೇಬಾರದು.

"ಗಂಜಿಗೆ ಏನು ನಂಜಿಕೊಳ್ಳುತ್ತೀರಿ?" ಎಂದು ಆ ಹಿರಿಯರನ್ನು ಕೇಳಿದೆ. ಮಿಡಿ ಉಪ್ಪಿನಕಾಯಿ, ಮಳೆಗಾಲದಲ್ಲಿ ಉಪ್ಪುಸೊಳೆಯ, ಅಂದರೆ ಉಪ್ಪಿನಲ್ಲಿಟ್ಟ ಹಲಸಿನ ತೊಳೆಯ, ಪಲ್ಯ. "ಸೊಳೆಯನ್ನು ನೀರಿನಲ್ಲಿ ನೆನೆಸಿ ಹಿಂಡುತ್ತೇವಲ್ಲ?" ಎಂದರು. ಎಷ್ಟು ಹಿಂಡಿದರೂ ಒತ್ತಡ ಏರಿಸುವ ಆ ಉಪ್ಪು ಪೂರ್ತಿ ಹೋಗುವುದಿಲ್ಲ. ದಿನಕ್ಕೆ ತಿನ್ನಬೇಕಾದ ಉಪ್ಪು 5 ಗ್ರಾಮಿಗಿಂತ ಕಡಿಮೆ, ಅಂದರೆ ಸಣ್ಣ ಚಮಚದಷ್ಟೂ ಇಲ್ಲ. ಹಾಗೆಂದು ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ವೈದ್ಯರನ್ನು ಕೇಳದೆ ಕೊಳ್ಳಬೇಡಿ. ಸೋತ ಮೂತ್ರಪಿಂಡಕ್ಕೆ ಅದು ಅಪಾಯ.

ಮೂತ್ರಪರೀಕ್ಷೆಗೆ ಚೀಟಿ ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಮಡಚಿ, ಅದೇ ತೊಟ್ಟೆಯೊಳಗೆ ಇಟ್ಟುಕೊಂಡರು.