ಕಬ್ಬಿನ ಲೋಡು, ಕಿತ್ತುಹೋದ ಕೇಬಲ್ಲು, ಬೀಗ ಇಲ್ಲದ ಗೇಮು

[ಶುರು: ಮಂಡ್ಯ ಹತ್ತಿರದ ಒಂದು ಹಳ್ಳಿ ರಸ್ತೆ, ಸಂಜೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ನಿಧಾನಕ್ಕೆ ಬರ್ತಿದೆ. ರಸ್ತೆಗೆ ಅಡ್ಡ ಜೋತಾಡ್ತಿರೋ ಕೇಬಲ್ ಮೇಲೆ ಕ್ಯಾಮೆರಾ.]

ನಮಸ್ಕಾರ. ಈ ಲೋಡ್ ನೋಡಿ. ಕಬ್ಬನ್ನ ಎಷ್ಟು ಎತ್ತರ ಪೇರಿಸಿದ್ದಾರೆ ಅಂದ್ರೆ, ಮೇಲೆ ಅಡ್ಡ ಎಳೆದಿರೋ ಇಂಟರ್ನೆಟ್ ಕೇಬಲ್ ಅದಕ್ಕೆ ಸಿಕ್ಕಾಕೊಂಡ್ರೆ ಕಿತ್ಕೊಂಡೇ ಹೋಗತ್ತೆ. ಕಟಾವಿನ ಕಾಲದಲ್ಲಿ ಈ ಕಡೆ ಮನೆ ಇರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಹೋದ ವರ್ಷ ನಾನು ಮೈಸೂರಿಂದ ಊರಿಗೆ ಬಂದಾಗ್ಲೂ ಹಾಗೇ ಆಯ್ತು. ಐದು ಗಂಟೆಗೆ ಲೋಡ್ ಹೋಯ್ತು, ಅದರ ಹಿಂದೇನೇ ವೈಫೈ ಹೋಯ್ತು. ಫೋನಲ್ಲಿ ಒಂದೇ ಒಂದು ಕಡ್ಡಿ ಸಿಗ್ನಲ್ಲು.

ಚಿಕ್ಕಪ್ಪನ ಮಗ ಜಗಲಿ ಮೇಲೆ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದ. ಅದರಲ್ಲಿ ಎರಡು ಗೇಮ್ ಇತ್ತು. ಎರಡೂ ಒಬ್ಬನೇ ಕೂತು ಆಡೋ ಗೇಮು, ಎರಡಕ್ಕೂ ದುಡ್ಡು ಕೊಟ್ಟಿದ್ದಾನೆ. ಮೊದಲನೇದನ್ನ ಒತ್ತಿದ. ಸರ್ವರ್ ಸಿಗ್ತಿಲ್ಲ, ಆಮೇಲೆ ಪ್ರಯತ್ನಿಸಿ ಅಂತ ಬಂತು. ಎರಡನೇದು ಸ್ಟಾರ್‌ಡ್ಯೂ ವ್ಯಾಲಿ, 2016ರಲ್ಲಿ ಬಂದ ಬೇಸಾಯದ ಗೇಮು. ಅದನ್ನ ಒತ್ತಿದ, ತೆರ್ಕೊಂತು. ಅವನ ಪಾಡಿಗೆ ಅವನು ಗಿಡಕ್ಕೆ ನೀರು ಹಾಕೋಕೆ ಶುರು ಮಾಡ್ದ.

ಆ ಎರಡು ಗೇಮಿಗೂ ಏನು ವ್ಯತ್ಯಾಸ ಅನ್ನೋದೇ ಇವತ್ತಿನ ವಿಡಿಯೋ.

[ಪರದೆ ಮೇಲೆ ದೊಡ್ಡ ಅಕ್ಷರ: ಡಿಆರ್‌ಎಂ]

ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಡಿಆರ್‌ಎಂ. ನಾನು ಬೀಗ ಅಂತೀನಿ. ಕೊಂಡ ಗೇಮ್‌ನ ಯಾರೂ ಕಾಪಿ ಮಾಡಿ ಹಂಚಬಾರದು ಅಂತ ಕಂಪನಿಯವರು ಹಾಕೋ ಬೀಗ. ಬೀಗ ಹಾಕೋದು ತಪ್ಪಲ್ಲ. ಆದ್ರೆ ಇಲ್ಲಿ ಬೀಗದ ಕೈ ನಿಮ್ಮತ್ರ ಇರಲ್ಲ. ಅಕ್ಕಿ ಕೊಂಡು ಮನೆಗೆ ತಂದು ಡಬ್ಬಕ್ಕೆ ಹಾಕಿದ್ದೀರಿ, ಡಬ್ಬದ ಬೀಗದ ಕೈ ಅಂಗಡಿಯವರ ಸೊಂಟದಲ್ಲಿದೆ. ಅನ್ನ ಮಾಡೋವಾಗೆಲ್ಲ ಅವರು ಬಂದು ತೆಗೀಬೇಕು. ಅಂಗಡಿ ಮುಚ್ಚಿದ ದಿನ ಅಕ್ಕಿ ಇದ್ದೂ ಉಪವಾಸ.

ಸಿಡಿ ಕಾಲದಲ್ಲಿ ಈ ಬೀಗ ಸಿಡಿ ಒಳಗೇ ಇರ್ತಿತ್ತು. ಸೇಫ್‌ಡಿಸ್ಕ್, ಸೆಕ್ಯುರಾಮ್ ಅಂತ ಹೆಸರು. ಗೇಮ್ ಪೂರ್ತಿ ಇನ್‌ಸ್ಟಾಲ್ ಆಗಿದ್ರೂ ಡ್ರೈವ್‌ನಲ್ಲಿ ಒರಿಜಿನಲ್ ಸಿಡಿ ಇದ್ರೇನೇ ಆಟ. ಅದನ್ನ ಪರೀಕ್ಷೆ ಮಾಡೋಕೆ ಸೇಫ್‌ಡಿಸ್ಕ್ ವಿಂಡೋಸ್‌ನ ಹೊಟ್ಟೆಯೊಳಗೆ ಒಂದು ಡ್ರೈವರ್ ಕೂರಿಸ್ತಿತ್ತು. ಕಂಪ್ಯೂಟರಿನ ಸುರಕ್ಷತೆಗೆ ಅದು ಅಪಾಯ ಅಂತ 2015ರಲ್ಲಿ ಬಂದ ವಿಂಡೋಸ್ 10 ಅದನ್ನ ಒಳಗೇ ಬಿಡಲಿಲ್ಲ. ಸುರಕ್ಷತೆ ದೃಷ್ಟಿಯಿಂದ ಅದು ಸರಿಯಾದ ತೀರ್ಮಾನ. ಆದ್ರೆ ಪರಿಣಾಮ ನೋಡಿ. ಶೋಕೇಸಲ್ಲಿ ಗೀರು ಬೀಳದ ಹಾಗೆ ಜೋಪಾನ ಮಾಡಿದ ಸಿಡಿ ಹಾಕಿದ್ರೆ, ಇನ್‌ಸ್ಟಾಲ್ ಆದ್ರೂ ಐಕಾನ್ ಒತ್ತಿದಾಗ ಗೇಮ್ ಏಳಲ್ಲ. ಬೀಗ ಒಡೆದ ಕಳ್ಳ ಕಾಪಿಗೆ ಈ ತೊಂದರೆನೇ ಇಲ್ಲ. ಕಾಸು ಕೊಟ್ಟೋನು ಹೊರಗೆ, ಕದ್ದೋನು ಒಳಗೆ.

ಆಮೇಲೆ ಬೀಗ ಸಿಡಿಯಿಂದ ಇಂಟರ್ನೆಟ್ಟಿಗೆ ಹೋಯ್ತು. 2010ರಲ್ಲಿ ಯೂಬಿಸಾಫ್ಟ್ ಕಂಪನಿ, ಒಬ್ಬರೇ ಆಡೋ ಗೇಮಿಗೂ ಆಡೋವಷ್ಟು ಹೊತ್ತೂ ಇಂಟರ್ನೆಟ್ ಇರಲೇಬೇಕು ಅನ್ನೋ ಪದ್ಧತಿ ತಂತು. ಆ ಮಾರ್ಚ್‌ನಲ್ಲೇ ಯಾರೋ ಸರ್ವರ್ ಮೇಲೆ ದಾಳಿ ಮಾಡಿದ್ರು. ದುಡ್ಡು ಕೊಟ್ಟಿದ್ದ ಜನ ಆಡೋಕಾಗದೆ ಕೂತ್ರು.

[ಪರದೆ: ಖಾಲಿ ಹೆದ್ದಾರಿ, ನಿಧಾನಕ್ಕೆ ಕಪ್ಪಾಗತ್ತೆ]

ಅದೇ ಕಂಪನಿಯ ದಿ ಕ್ರೂ ಅನ್ನೋ ಕಾರ್ ರೇಸ್ ಗೇಮು 2014ರಲ್ಲಿ ಬಂತು. ಒಬ್ಬರೇ ಆಡಬಹುದಾದ ಪೂರ್ತಿ ಕಥೆ ಅದರಲ್ಲಿತ್ತು, ಆದ್ರೆ ಎಲ್ಲಕ್ಕೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದ್ರು. ಡಿಸ್ಕ್ ಕೈಯಲ್ಲಿದ್ರೂ ಅವತ್ತಿಗೆ ಆ ಗೇಮ್ ಮುಗೀತು. ಇದನ್ನ ನೋಡಿ ಸಿಟ್ಟಾದ ಯೂಟ್ಯೂಬರ್ ರಾಸ್ ಸ್ಕಾಟ್ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅನ್ನೋ ಚಳವಳಿ ಶುರು ಮಾಡಿದ್ರು. ಸರ್ವರ್ ಸದಾಕಾಲ ನಡೆಸಿ ಅಂತ ಅವರು ಕೇಳ್ತಿಲ್ಲ. ಬಾಗಿಲು ಹಾಕಿ ಹೋಗೋವಾಗ, ಕೊಂಡೋರು ಆಡ್ಕೊಳ್ಳೋ ಹಾಗೆ ಗೇಮ್‌ನ ಬಿಟ್ಟು ಹೋಗಿ ಅಂತಾರೆ, ಅಷ್ಟೇ. ಯುರೋಪಿಯನ್ ಒಕ್ಕೂಟದ ಮುಂದೆ ಇಟ್ಟ ಆ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. ಬರೀ ಆಟದ ವಿಷಯ ಅಂತ ತಳ್ಳಿಹಾಕೋರಿಗೆ ನಾನು ಈ ಸಂಖ್ಯೆನೇ ತೋರಿಸೋದು.

ಈಗ ನಮ್ಮ ಹುಡುಗನ ಕಥೆಗೆ ಬರ್ತೀನಿ. ಇದು ನನಗೆ ಹೊಟ್ಟೆ ಉರಿಸಿದ ವಿಷಯ.

[ಕ್ಯಾಮೆರಾ: ಕೀಪ್ಯಾಡ್ ಸವೆದ ಹಳೇ ಫೋನು, ಅದರ ಪಕ್ಕ ಒಂದು ಸಿಮ್]

ಅವನು ಮೊದಲು ಒಂದು ಆನ್‌ಲೈನ್ ಅಂಗಡಿಯಲ್ಲಿ ಗೇಮ್ ಕೊಳ್ತಿದ್ದ. ಹೆಸರು ಬೇಡ. ಹಬ್ಬಕ್ಕೆ ಕೊಟ್ಟ ದುಡ್ಡು, ಹಾಲಿನ ಡೈರಿ ಲೆಕ್ಕ ಬರೆದುಕೊಟ್ಟಿದ್ದಕ್ಕೆ ಚಿಕ್ಕಪ್ಪ ಕೊಟ್ಟ ದುಡ್ಡು, ಎಲ್ಲ ಕೂಡಿಟ್ಟು ಏಳು ಗೇಮ್ ತಗೊಂಡಿದ್ದ. ಅಕೌಂಟ್ ಮಾಡಿದ್ದು ಮನೆಯ ಎರಡನೇ ನಂಬರಲ್ಲಿ. ಪರೀಕ್ಷೆ ಅಂತ ನಾಲ್ಕೈದು ತಿಂಗಳು ಆ ಕಡೆ ತಲೆ ಹಾಕಲಿಲ್ಲ, ಆ ಸಿಮ್ಮಿಗೆ ಯಾರೂ ರೀಚಾರ್ಜ್ ಮಾಡಲಿಲ್ಲ. ನಮ್ಮ ದೇಶದಲ್ಲಿ ಪ್ರೀಪೇಯ್ಡ್ ನಂಬರ್ 90 ದಿನ ಬಳಸದೇ ಬಿಟ್ರೆ ಕೈತಪ್ಪಬಹುದು, ಆಮೇಲೆ ಅದನ್ನ ಬೇರೆಯವರಿಗೆ ಕೊಡ್ತಾರೆ. ಇವನು ರಜೆಯಲ್ಲಿ ಲಾಗಿನ್ ಮಾಡೋಕೆ ಹೋದ್ರೆ ಒಟಿಪಿ ಬರ್ಬೇಕಾದ ನಂಬರ್ರೇ ಇಲ್ಲ. ರಾತ್ರಿ ನನಗೆ ಫೋನ್ ಮಾಡ್ದ.

"ನಂಬರ್ ಬೇರೆ ಯಾರ್ಗೋ ಹೋಗ್ಬುಟ್ಟದೆ ಕಣಣ್ಣ. ನಾನು ದುಡ್ಡು ಕೊಟ್ಟು ತಗಂಡಿದ್ದು ಕಣಣ್ಣ, ಕದ್ದಿದ್ದಲ್ಲ."

ಆ ಅಂಗಡಿಗೆ ಮೂರು ಸಲ ಬರೆದ್ವಿ. ಯಾವ ದಿನ ಎಷ್ಟು ದುಡ್ಡು ಹೋಗಿದೆ ಅನ್ನೋ ಬ್ಯಾಂಕಿನ ವಿವರಾನೂ ಕಳಿಸಿದ್ವಿ. ಮೂರು ಸಲವೂ ಒಂದೇ ಉತ್ತರ: ನೋಂದಾಯಿಸಿದ ನಂಬರಿನಿಂದ ದೃಢೀಕರಿಸಿ. ಏಳು ಗೇಮೂ ಹೋಯ್ತು. ‘ಕದ್ದಿದ್ದಲ್ಲ’ ಅಂತ ಅವನು ಹೇಳಿದ್ನಲ್ಲ, ಆ ಮಾತು ನನ್ನ ಮನಸ್ಸಲ್ಲೇ ಉಳೀತು. ಸರಿಯಾದ ದಾರಿಯಲ್ಲಿ ಹೋದ ಹುಡುಗನ ಬಾಯಲ್ಲಿ ಬರಬಾರದ ಮಾತು ಅದು.

[ಪರದೆ: ವಾರ್ಸಾ ನಗರದ ನಕಾಶೆ]

ಬೀಗ ಇಲ್ಲದೇ ಮಾರಬಹುದು ಅಂತ ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟೋರು ಪೋಲೆಂಡಿನವರು. 1994ರಲ್ಲಿ ಮಾರ್ಚಿನ್ ಇವಿನ್‌ಸ್ಕಿ, ಮಿಹಾವ್ ಕಿಚಿನ್‌ಸ್ಕಿ ಅನ್ನೋ ಇಬ್ಬರು ಸ್ನೇಹಿತರು ಸಿಡಿ ಪ್ರಾಜೆಕ್ಟ್ ಅನ್ನೋ ಕಂಪನಿ ಕಟ್ಟಿದ್ರು. ಆಗ ಅಲ್ಲಿ ಬೀದಿ ಮಾರುಕಟ್ಟೆ ತುಂಬ ಕಳ್ಳ ಕಾಪಿ. ನಮ್ಮಲ್ಲೂ ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಕವರಿನ ಸಿಡಿ ಮಾರ್ತಿದ್ದ ದಿನ ನೆನೆಸ್ಕೊಳ್ಳಿ. ಅಂಥ ಕಡೆ ಒರಿಜಿನಲ್ ಮಾರೋದು ಹೇಗೆ? ಅವರು ಬೀಗ ದಪ್ಪ ಮಾಡಲಿಲ್ಲ, ಡಬ್ಬಿ ತುಂಬಿದ್ರು. 1999ರಲ್ಲಿ ಬಾಲ್ಡರ್ಸ್ ಗೇಟ್ ಗೇಮ್‌ನ ಪೂರ್ತಿ ಪೋಲಿಷ್ ಭಾಷೆಗೆ ಮಾಡಿಸಿ, ಜೊತೆಗೆ ನಕಾಶೆ, ಪುಸ್ತಕ, ಹಾಡಿನ ಸಿಡಿ ಇಟ್ಟು ಮಾರಿದ್ರು. ಜನ ಕೊಂಡ್ರು. ನಮ್ಮ ಭಾಷೇಲಿ ಕೊಟ್ರೆ ಜನ ದುಡ್ಡು ಕೊಡ್ತಾರೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಕನ್ನಡದಲ್ಲೂ ಯಾರಾದ್ರೂ ಹಾಗೆ ಮಾಡಲಿ ಅಂತ ನನಗೆ ತುಂಬಾ ಆಸೆ.

ಆ ಅನುಭವದಿಂದಲೇ 2008ರಲ್ಲಿ ಜಿಒಜಿ ಹುಟ್ಟಿದ್ದು. ಗುಡ್ ಓಲ್ಡ್ ಗೇಮ್ಸ್. ಹಳೇ ಗೇಮ್‌ಗಳನ್ನ ಈಗಿನ ವಿಂಡೋಸ್‌ನಲ್ಲಿ ಓಡೋ ಹಾಗೆ ರಿಪೇರಿ ಮಾಡಿ, ಬೀಗ ತೆಗೆದು ಮಾರೋ ಅಂಗಡಿ. ಆಮೇಲೆ ಹೊಸ ಗೇಮೂ ಬಂದ್ವು. ಸಿಡಿ ಪ್ರಾಜೆಕ್ಟ್‌ನವರೇ ಮಾಡಿ 2015ರಲ್ಲಿ ತಂದ ವಿಚರ್ 3 ಅನ್ನೋ ಗೇಮು ಮೊದಲ ದಿನದಿಂದ ಅಲ್ಲಿ ಬೀಗ ಇಲ್ಲದೇ ಸಿಕ್ತು. ಬೇರೆ ಬೇರೆ ಅಂಗಡಿ, ಟಿವಿಗೆ ಸಿಕ್ಕಿಸಿ ಆಡೋ ಬೇರೆ ಬೇರೆ ಕನ್ಸೋಲ್ ಎಲ್ಲ ಸೇರಿ ಆ ಗೇಮು 5 ಕೋಟಿಗೂ ಹೆಚ್ಚು ಮಾರಾಟ ಆಗಿದೆ. ಬೀಗ ತೆಗೆದ್ರೆ ಕಂಪನಿ ಮುಳುಗತ್ತೆ ಅನ್ನೋ ಮಾತು ಅಲ್ಲಿ ನಿಜ ಆಗಲಿಲ್ಲ.

ಕಂಪ್ಯೂಟರ್ ಗೇಮ್ ಮಾರೋ ಇನ್ನೊಂದು ದೊಡ್ಡ ಆನ್‌ಲೈನ್ ಅಂಗಡಿ ಸ್ಟೀಮ್, ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ಟೀಮಲ್ಲಿ ಸಿಗೋ ಎಲ್ಲಾ ಗೇಮಿಗೂ ಬೀಗ ಇರಲ್ಲ. ಕೆಲವನ್ನ ಫೋಲ್ಡರ್ ಸಮೇತ ಕಾಪಿ ಮಾಡ್ಕೊಂಡ್ರೆ ಸ್ಟೀಮ್ ಇಲ್ಲದೆಯೂ ಓಡತ್ವೆ. ಯಾವುದು ಹಾಗೆ ಓಡತ್ತೆ ಅಂತ ನೀವೇ ಹುಡುಕಿ ನೋಡ್ಬೇಕು, ಅಷ್ಟೇ ಕಷ್ಟ.

[ಪರದೆ: ಲ್ಯಾಪ್‌ಟಾಪ್ ತುಂಬ ಹತ್ತಿರದಿಂದ. ಡೌನ್‌ಲೋಡ್ ಪುಟ.]

ಈಗ ಕೈಯಾರೆ ಮಾಡಿ ತೋರಿಸ್ತೀನಿ. ಜಿಒಜಿಯಲ್ಲಿ ಗೇಮ್ ಕೊಂಡ ಮೇಲೆ ನಿಮ್ಮ ಲೈಬ್ರರಿ ತೆಗೀರಿ, ಗೇಮ್ ಮೇಲೆ ಒತ್ತಿ. ಅವರ ಗ್ಯಾಲಕ್ಸಿ ಆಪ್ ಹಾಕ್ಕೊಳ್ಳಲೇಬೇಕು ಅಂತಿಲ್ಲ. ಕೆಳಗೆ ಆಫ್‌ಲೈನ್ ಇನ್‌ಸ್ಟಾಲರ್ ಅಂತ ಇದೆ ನೋಡಿ, ನಮಗೆ ಬೇಕಾಗಿರೋದು ಅದು. ಒಂದು ಸೆಟಪ್ ಫೈಲು, ಗೇಮ್ ದೊಡ್ಡದಾದ್ರೆ ಅದರ ಜೊತೆ ಬಿನ್ ಅಂತ ಕೊನೆಯಾಗೋ ತುಂಡುಗಳು, ಒಂದೊಂದೂ ಹೆಚ್ಚುಕಮ್ಮಿ 4 ಜಿಬಿ. ಎಲ್ಲ ತುಂಡೂ ಒಂದೇ ಫೋಲ್ಡರಲ್ಲಿ ಇರ್ಬೇಕು, ಹೆಸರು ಬದಲಾಯಿಸಬೇಡಿ. ಆ ಫೋಲ್ಡರನ್ನ ಹಾರ್ಡ್ ಡಿಸ್ಕಿಗೆ ಹಾಕಿ. ಆಮೇಲೆ ವೈಫೈ ಆಫ್ ಮಾಡಿ, ಸೆಟಪ್ ಒತ್ತಿ. ಬಿಡಬೇಡಿ, ಇದನ್ನ ಒಂದ್ಸಲ ಮಾಡಿ ನೋಡಿ. ಪಾಸ್‌ವರ್ಡ್ ಕೇಳಲ್ಲ, ಒಟಿಪಿ ಕೇಳಲ್ಲ. ಗೇಮ್ ಪೂರ್ತಿ ಇನ್‌ಸ್ಟಾಲ್ ಆಗಿ, ತೆರ್ಕೊಂಡು, ನಿಮ್ಮ ಮುಂದೆ ನಿಲ್ಲತ್ತೆ.

ತೊಂದರೆನೂ ಇದೆ. ಗೇಮಿಗೆ ಅಪ್‌ಡೇಟ್ ಬಂದಾಗ ಹೊಸ ಇನ್‌ಸ್ಟಾಲರ್ ನೀವೇ ಇಳಿಸ್ಕೋಬೇಕು. ಹತ್ತು ಜನ ಸೇರಿ ಆನ್‌ಲೈನ್ ಆಡೋ ಆಟಕ್ಕೆ ಹೇಗಿದ್ರೂ ಸರ್ವರ್ ಬೇಕು. ಎಷ್ಟೋ ದೊಡ್ಡ ಗೇಮು ಅಲ್ಲಿಗೆ ಬರೋದೇ ಇಲ್ಲ. ಅಂಗಡಿಯವರೂ ಎಡವಿದ್ದಾರೆ: 2021ರಲ್ಲಿ ಹಿಟ್‌ಮ್ಯಾನ್ ಗೇಮ್‌ನ ತಂದ್ರು, ಅದರ ಎಷ್ಟೋ ಭಾಗಕ್ಕೆ ಇಂಟರ್ನೆಟ್ ಬೇಕಿತ್ತು. ಗಿರಾಕಿಗಳು ಜಗಳಕ್ಕೇ ನಿಂತ್ರು, ಅಂಗಡಿಯವರು ಗೇಮ್‌ನ ವಾಪಸ್ ತಗೊಂಡ್ರು. ಅಂಥ ಗಿರಾಕಿಗಳು ಇರೋ ತನಕ ಈ ಅಂಗಡಿ ಹಳಿ ತಪ್ಪಲ್ಲ ಅಂತ ನನ್ನ ನಂಬಿಕೆ.

ಹಾಗಾದ್ರೆ ಆ ಹಾರ್ಡ್ ಡಿಸ್ಕ್ ಫ್ರೆಂಡ್ಸಿಗೆಲ್ಲ ಹಂಚಬಹುದಾ ಅಂತ ಕೇಳ್ತೀರಿ. ಬೇಡ. ಬೀಗ ಇಲ್ಲ ಅಂದ್ರೆ ಗೇಮ್ ಮಾಡಿದೋರಿಗೆ ಹಕ್ಕು ಇಲ್ಲ ಅಂತಲ್ಲ. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್, ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಮ್ ಹಾಳಾದ್ರೆ ಕೈಗೆ ಇರಲಿ ಅಂತ ಬ್ಯಾಕಪ್ ಇಟ್ಕೊಳ್ಳೋಕೆ ಅವಕಾಶ ಕೊಡತ್ತೆ. ಊರಿಗೆಲ್ಲ ಹಂಚೋಕೆ ಕೊಡಲ್ಲ. 2012ರ ತಿದ್ದುಪಡಿಯಲ್ಲಿ ಬಂದ 65ಎ ಸೆಕ್ಷನ್ ಪ್ರಕಾರ, ಹಕ್ಕು ಮುರಿಯೋ ಉದ್ದೇಶದಿಂದ ಬೀಗ ಒಡೆದ್ರೆ ಎರಡು ವರ್ಷದ ತನಕ ಜೈಲು ಆಗಬಹುದು. ಕಾನೂನು ಬಿಡಿ, ಮನುಷ್ಯತ್ವದ ಲೆಕ್ಕ ನೋಡಿ. ಸ್ಟಾರ್‌ಡ್ಯೂ ವ್ಯಾಲಿಯ ಚಿತ್ರ, ಸಂಗೀತ, ಪ್ರೋಗ್ರಾಮ್ ಎಲ್ಲ ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ್ದು. ನಮ್ಮನ್ನ ನಂಬಿ ಬೀಗ ಹಾಕದೇ ಕೊಟ್ಟೋರ ಅನ್ನಕ್ಕೆ ಕೈ ಹಾಕಬಾರದು.

[ದೃಶ್ಯ: ಮೈಸೂರು, ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡ, ಬೆಳಗಿನ ಬಿಸಿಲು]

ಮುಂದೇನು ಅಂತ ಯೋಚನೆ ಮಾಡೋವಾಗ ನನಗೆ ಈ ಕಟ್ಟಡ ನೆನಪಾಗತ್ತೆ. 1905ರಲ್ಲಿ ತಂಜಾವೂರು ಕಡೆಯ ಒಬ್ಬ ಪಂಡಿತರು ಇಲ್ಲಿಗೆ ಒಂದು ಓಲೆಗರಿ ಕಟ್ಟು ತಂದುಕೊಟ್ರು. ಇಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಾಶಾಸ್ತ್ರಿಗಳು ಅದನ್ನ ಓದಿ ಗುರುತು ಹಿಡಿದ್ರು: ಅದು ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅಚ್ಚು ಹಾಕಿಸಿದ್ರು. ಓಲೆಗರಿ ನೂರಾರು ವರ್ಷಕ್ಕೆ ಪುಡಿಯಾಗತ್ತೆ, ಹುಳ ತಿನ್ನತ್ತೆ. ಆ ಕೃತಿ ಉಳಿದಿದ್ದು ತಲೆಮಾರಿಂದ ತಲೆಮಾರಿಗೆ ಯಾರೋ ಕೂತು ಹಳೇ ಗರಿ ನೋಡಿ ಹೊಸ ಗರಿಗೆ ಕಾಪಿ ಮಾಡಿದ್ದಕ್ಕೆ. ಕಾಪಿ ಮಾಡೋಕೆ ಬಿಡದೇ ಇದ್ದಿದ್ರೆ ಇವತ್ತು ಅದರ ಹೆಸರು ಮಾತ್ರ ಇರ್ತಿತ್ತು.

ಗೇಮ್‌ಗಳದ್ದೂ ಅದೇ ಪಾಡು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಒಂದು ಅಧ್ಯಯನ ಮಾಡ್ತು. ಆ ದೇಶದಲ್ಲಿ 2010ಕ್ಕೆ ಮುಂಚೆ ಬಂದ ಗೇಮ್‌ಗಳಲ್ಲಿ ಶೇಕಡ 87ರಷ್ಟು ಹೊಸದಾಗಿ ಕೊಳ್ಳೋಕೆ ಸಿಗ್ತಿಲ್ಲ ಅಂತ ಅದರಲ್ಲಿ ಗೊತ್ತಾಯ್ತು.

ಕಾನೂನು ಸ್ವಲ್ಪ ಎಚ್ಚೆತ್ತಿದೆ. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2025ರ ಜನವರಿ 1ರಿಂದ ಹೊಸ ಕಾಯ್ದೆ ಇದೆ: ಮಾರಿದ ಮೇಲೆ ವಾಪಸ್ ಕಿತ್ಕೊಳ್ಳಬಹುದಾದ ಡಿಜಿಟಲ್ ವಸ್ತುವಿಗೆ ‘ಕೊಳ್ಳಿ’ ಅಂತ ಬೋರ್ಡ್ ಹಾಕಿದ್ರೆ, ಇದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳ್ಬೇಕು. ಸ್ಟೀಮ್ 2024ರ ಅಕ್ಟೋಬರಲ್ಲೇ ಆ ಮಾತನ್ನ ದುಡ್ಡು ಕಟ್ಟೋ ಪುಟದಲ್ಲಿ ಹಾಕ್ತು. ಇಳಿಸ್ಕೊಂಡು ಇಂಟರ್ನೆಟ್ ಇಲ್ಲದೇ ಶಾಶ್ವತವಾಗಿ ಇಟ್ಕೊಳ್ಳಬಹುದಾದ ವಸ್ತುವಿಗೆ ಈ ನಿಯಮ ಅನ್ವಯ ಆಗಲ್ಲ. ಅಂದ್ರೆ ಕಾನೂನೇ ಗೆರೆ ಎಳೀತು, ಯಾವುದು ಮಾರಾಟ, ಯಾವುದು ಬಾಡಿಗೆ ಅಂತ. ನಮ್ಮ ದೇಶದಲ್ಲೂ ಗ್ರಾಹಕರ ಪರವಾಗಿ ಇಂಥದ್ದೊಂದು ಬರಬೇಕು.

ಇನ್ನೊಂದು ಕಡೆ ಗಾಳಿ ಉಲ್ಟಾ ಬೀಸ್ತಿದೆ. ಗೇಮ್ ಫೈಲ್ ನಿಮ್ಮ ಮನೆಗೇ ಬರದ ಕ್ಲೌಡ್ ಗೇಮಿಂಗ್ ಬಂದಿದೆ, ಗೇಮ್ ಕಂಪನಿಯ ಕಂಪ್ಯೂಟರಲ್ಲೇ ಓಡತ್ತೆ, ಚಿತ್ರ ಮಾತ್ರ ನಿಮ್ಮ ಪರದೆಗೆ ಬರತ್ತೆ. ಗೂಗಲ್‌ನ ಸ್ಟೇಡಿಯಾ ಅಂಥದ್ದೇ ಒಂದು ಸೇವೆ, 2023ರ ಜನವರಿಯಲ್ಲಿ ಮುಚ್ತು. ಗೇಮಿನ ದುಡ್ಡು ವಾಪಸ್ ಕೊಟ್ರು, ಅದು ಒಳ್ಳೇದು. ಎಲ್ಲರೂ ಕೊಡ್ತಾರೆ ಅನ್ನೋ ಭರವಸೆ ಎಲ್ಲಿದೆ? 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಅನ್ನೋ ಗೇಮ್ ಯಂತ್ರಕ್ಕೆ ಸಿಗೋ ಕೆಲವು ಗೇಮ್ ಕಾರ್ಡ್‌ಗಳಲ್ಲಿ ಗೇಮೇ ಇರಲ್ಲ, ಬರೀ ಬೀಗದ ಕೈ ಇರತ್ತೆ, ಗೇಮ್ ಇಂಟರ್ನೆಟ್ಟಿಂದಲೇ ಇಳಿಸ್ಕೋಬೇಕು.

ನಡುವಿನ ಒಂದು ದಾರಿ ನನಗೆ ನ್ಯಾಯ ಅನ್ಸತ್ತೆ. ಡೆನುವೋ ಅನ್ನೋ ಬೀಗ 2014ರಿಂದ ಇದೆ. ಗೇಮ್ ಬಂದ ಶುರುವಿನ ವಾರಗಳ ಮಾರಾಟ ಉಳಿಸ್ಕೊಳ್ಳೋಕೆ ಅದನ್ನ ಹಾಕ್ತಾರೆ, ಎಷ್ಟೋ ಕಂಪನಿಗಳು ಕೆಲವು ತಿಂಗಳಾದ ಮೇಲೆ ತೆಗೆದೂ ಹಾಕ್ತಾರೆ. ಹಾಗಿದ್ರೆ ತೆಗೆಯೋ ತಾರೀಕನ್ನ ಮಾರೋ ದಿನವೇ ಬರೆದುಕೊಡಿ. ಒಂದು ವರ್ಷ ಬೀಗ ಇರತ್ತೆ, ಆಮೇಲೆ ನಿಮ್ಮದು ಅಂತ ಡಬ್ಬಿ ಮೇಲೆ ಹಾಕಿ. ನಾನು ಕಾಯೋಕೆ ಸಿದ್ಧ, ಪೂರ್ತಿ ಬೆಲೆ ಕೊಡೋಕೂ ಸಿದ್ಧ.

[ದೃಶ್ಯ: ಆಯುಧಪೂಜೆ ದಿನ. ಟ್ರ್ಯಾಕ್ಟರ್, ಕುಡುಗೋಲು, ಪಂಪ್‌ಸೆಟ್ ಸ್ಟಾರ್ಟರ್‌ಗೆ ಅರಿಶಿನ ಕುಂಕುಮ. ಸಾಲಿನ ಕೊನೆಗೆ ಎರಡು ಹಾರ್ಡ್ ಡಿಸ್ಕ್.]

ನಮ್ಮ ಹುಡುಗ ಈಗ ಎರಡು ಹಾರ್ಡ್ ಡಿಸ್ಕ್ ಇಟ್ಟಿದ್ದಾನೆ. ಒಂದು ಅವನ ಬೀರುವಿನಲ್ಲಿ, ಇನ್ನೊಂದು ಮೈಸೂರಲ್ಲಿ ನನ್ನ ಹತ್ರ. ಹಾರ್ಡ್ ಡಿಸ್ಕೂ ಕೆಡತ್ತೆ, ಅದಕ್ಕೇ ಎರಡು. ವರ್ಷಕ್ಕೊಂದ್ಸಲ, ಆಯುಧಪೂಜೆ ದಿನ, ನನ್ನದನ್ನೂ ಊರಿಗೆ ತಗೊಂಡು ಹೋಗ್ತೀನಿ. ಎರಡನ್ನೂ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಂದೆರಡು ಗೇಮ್ ಇನ್‌ಸ್ಟಾಲ್ ಮಾಡಿ ನೋಡಿ, ಒರೆಸಿ ಕುಂಕುಮ ಇಟ್ಟು ಒಳಗಿಡ್ತೀವಿ.

ಅವತ್ತು ಕಬ್ಬಿನ ಲೋಡಿಗೆ ಕಿತ್ತುಹೋದ ಕೇಬಲ್ ಸರಿ ಮಾಡೋಕೆ ಮೂರು ದಿನ ಹಿಡೀತು. ಕೇಬಲ್ ಹುಡುಗ ಏಣಿ ಹಾಕ್ಕೊಂಡು ಕಂಬ ಹತ್ತಿ ‘ಬಂತಾ ನೋಡಿ’ ಅಂತ ಮೇಲಿಂದ ಕೂಗ್ದ. ಜಗಲಿ ಮೇಲೆ ಇವನು ತಲೆನೇ ಎತ್ತಲಿಲ್ಲ. ಅವನ ಹೊಲದಲ್ಲಿ ವಸಂತ ಮುಗಿದು, ಬೇಸಿಗೆ ಬೆಳೆ ಬಿತ್ತನೆ ನಡೀತಿತ್ತು.

[ಪರದೆ ನಿಧಾನಕ್ಕೆ ಕಪ್ಪು]