ಸೊಳ್ಳೆ ಕಚ್ಚಿದ್ದಕ್ಕೆ ಹೆದರಿದ ಡಾಕ್ಟರು: ಎಕ್ಸ್-ಫೈಲ್ಸ್ ಮೊದಲ ಕಂತಿನ ಕಥೆ

[ಕತ್ತಲೆ. ಹಂಚಿನ ಮೇಲೆ ಮಳೆಯ ಸದ್ದು. ಟಾರ್ಚ್ ಹೊತ್ತಿಕೊಳ್ಳುತ್ತದೆ.]

ನಮಸ್ಕಾರ. ಇದು ಎಫೆಕ್ಟ್ ಅಲ್ಲ, ನಿಜವಾಗ್ಲೂ ಕರೆಂಟ್ ಹೋಗಿದೆ. ಶಿರಸಿ ಕಡೆ ಜುಲೈ ತಿಂಗಳ ರಾತ್ರಿ ಕರೆಂಟ್ ಇದ್ದರೆ ಅದೇ ಭೂತಚೇಷ್ಟೆ. ಕ್ಯಾಮೆರಾದಲ್ಲಿ ಸ್ವಲ್ಪವೇ ಚಾರ್ಜ್ ಉಳಿದಿದೆ. ಅಷ್ಟರಲ್ಲಿ ಮುಗಿಸಬೇಕು.

ಮೊನ್ನೆ ಕುಮಟಾದಿಂದ ನನ್ನ ಮಾವನ ಮಗ ಬಂದಿದ್ದ. ಇಬ್ಬರೂ ಕೂತು 'ದಿ ಎಕ್ಸ್-ಫೈಲ್ಸ್' ಧಾರಾವಾಹಿಯ ಮೊದಲ ಕಂತು ನೋಡಿದೆವು. ಮುಗಿದ ಮೇಲೆ ಅವನು ಹೇಳಿದ್ದು ಇಷ್ಟೇ: "ಎಂತದೂ ತೋರ್ಸದೇ ಇಲ್ಲೆ ಭಾವ, ಆದ್ರೂ ಹೆದ್ರಿಕೆ ಆಗ್ತು." ಆಮೇಲೆ ಬಚ್ಚಲಿಗೆ ಹೋಗುವಾಗ ನನ್ನನ್ನೂ ಜೊತೆಗೆ ಕರೆದ. ಇಪ್ಪತ್ತಾರು ವರ್ಷದ ಗಂಡಸು!

ಅವನ ಮಾತು ನಿಜ. ಒಂದು ಜೋರು ಬೆಳಕು, ಸುತ್ತುವ ತರಗೆಲೆ, ಒಂದು ನೆರಳು. ಇಷ್ಟರಲ್ಲೇ ಹೇಗೆ ಹೆದರಿಸಿದರು?

ಗೊತ್ತಿಲ್ಲದವರಿಗೆ ಬೇಗ ಬೇಗ ಹೇಳಿಬಿಡುತ್ತೇನೆ. 1993ರ ಸೆಪ್ಟೆಂಬರ್ 10, ಶುಕ್ರವಾರ ರಾತ್ರಿ, ಅಮೆರಿಕದ ಫಾಕ್ಸ್ ಚಾನೆಲ್. ಬರೆದವರು ಕ್ರಿಸ್ ಕಾರ್ಟರ್. ಅದಕ್ಕೂ ಮೊದಲು ಇವರು ಸಮುದ್ರದ ಅಲೆ ಮೇಲೆ ಹಲಗೆ ಹಾಕಿ ಜಾರುವವರ ಪತ್ರಿಕೆಯಲ್ಲಿದ್ದವರು. ನಿರ್ದೇಶನ ರಾಬರ್ಟ್ ಮ್ಯಾಂಡೆಲ್. ಇಬ್ಬರು ಎಫ್‌ಬಿಐ (ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ) ಏಜೆಂಟರು. ಕಾರಣವೇ ಸಿಗದ ವಿಚಿತ್ರ ಕೇಸುಗಳ ಫೈಲು, ಅಂದರೆ ಎಕ್ಸ್-ಫೈಲ್ಸ್, ಇವರ ಕೆಲಸ. ಮಲ್ಡರ್ ಎಲ್ಲವನ್ನೂ ನಂಬುವವನು, ಬೇರೆ ಗ್ರಹದವರು ಬಂದು ಜನರನ್ನು ಹೊತ್ತೊಯ್ಯುತ್ತಾರೆ ಅನ್ನುವುದನ್ನೂ. ಸ್ಕಲ್ಲಿ ಡಾಕ್ಟರಿಕೆ ಓದಿದವಳು, ಏನನ್ನೂ ನಂಬದವಳು. ಆರೆಗನ್ ರಾಜ್ಯದ ಒಂದು ಊರಲ್ಲಿ ಒಂದೇ ಕ್ಲಾಸಿನವರು ಒಬ್ಬೊಬ್ಬರಾಗಿ ಸಾಯುತ್ತಿದ್ದಾರೆ. ಹೆಣದ ಸೊಂಟದ ಹತ್ತಿರ ಎರಡು ಪುಟ್ಟ ಗುರುತು. ಆ ಗುರುತು ನೆನಪಿರಲಿ.

ಮೊದಲು ಕಾಡು. ಲಾಸ್ ಏಂಜಲೀಸ್ ಸುತ್ತಮುತ್ತ ಬೇಕಾದಂಥ ಕಾಡು ಸಿಗಲಿಲ್ಲ. ಹಾಗಾಗಿ ಗಡಿ ದಾಟಿ ಕೆನಡಾದ ವ್ಯಾಂಕೂವರ್‌ಗೆ ಹೋದರು. 1993ರ ಮಾರ್ಚ್‌ನಲ್ಲಿ ಸುಮಾರು 14 ದಿನ ಶೂಟಿಂಗ್. ಅಲ್ಲಿಯ ಎತ್ತರದ ಮರ, ಮಂಜು, ಹಸಿ ನೆಲ ಎಷ್ಟು ಹಿಡಿಸಿತು ಅಂದರೆ, ಮೊದಲ ಐದು ಸೀಸನ್ ಅಲ್ಲೇ ತೆಗೆದರು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಜಾವ ಯಕ್ಷಗಾನ ಮುಗಿಸಿಕೊಂಡು ತೋಟದ ಹಾದಿಯಲ್ಲಿ ಬಂದವರಿಗೆ ಗೊತ್ತು. ಟಾರ್ಚ್ ಬೆಳಕು ನಾಲ್ಕು ಅಡಿಕೆ ಮರದಾಚೆ ಹೋಗುವುದಿಲ್ಲ. ಅದರಾಚೆಗೆ ಏನಿದೆ ಅನ್ನುವುದನ್ನು ನಾವೇ ತುಂಬಿಕೊಳ್ಳುತ್ತೇವೆ. ಚೌಡಿ ಬನ ದಾಟುವಾಗ ಜಾಸ್ತಿಯೇ ತುಂಬಿಕೊಳ್ಳುತ್ತೇವೆ, ಅಲ್ವಾ?

ಹಾಗೇ ಒಂದು ರಾತ್ರಿ ಕಾರಿನಲ್ಲಿ ಬರುವಾಗ ಫಳ್ ಅಂತ ಬೆಳಕು, ಎಂಜಿನ್ ಬಂದ್. ಮಲ್ಡರ್ ಗಡಿಯಾರ ನೋಡಿ ಮಳೆಯಲ್ಲಿ ಕುಣಿಯುತ್ತಾನೆ: ಒಂಬತ್ತು ನಿಮಿಷ ಕಾಣೆಯಾಗಿದೆ! ದೇವಿಮನೆ ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಿಹಾಕಿಕೊಂಡು ನಾನು ಒಂದೂವರೆ ಗಂಟೆ ಕಳೆದುಕೊಂಡಿದ್ದೇನೆ. ಯಾರೂ ಫೈಲ್ ತೆರೆಯಲಿಲ್ಲ.

[ಮೇಣದಬತ್ತಿ ಹಚ್ಚುತ್ತೇನೆ.]

ಈಗ ನನ್ನ ಮೆಚ್ಚಿನ ದೃಶ್ಯ. ಲಾಡ್ಜ್ ರೂಮು. ಹೊರಗೆ ಗಾಳಿಮಳೆ. ಕರೆಂಟ್ ಹೋಗುತ್ತದೆ. ಸ್ಕಲ್ಲಿ ಮೇಣದಬತ್ತಿ ಹಿಡಿದು ಸ್ನಾನಕ್ಕೆ ಹೊರಟವಳು, ಬೆನ್ನಿನ ಕೆಳಗೆ ಕೈ ಆಡಿಸಿ ಗಕ್ಕನೆ ನಿಲ್ಲುತ್ತಾಳೆ. ಗುರುತು! ಹೆಣದ ಮೇಲೆ ಇದ್ದಂಥದ್ದೇ! ಓಡಿ ಮಲ್ಡರ್ ಕೋಣೆಗೆ ಬಂದು ಬೆನ್ನು ತೋರಿಸುತ್ತಾಳೆ. ಅವನು ಬತ್ತಿಯ ಬೆಳಕಲ್ಲಿ ಬಗ್ಗಿ ನೋಡುತ್ತಾನೆ. ಒಂದು ಕ್ಷಣ ಮಾತೇ ಇಲ್ಲ. ಆಮೇಲೆ ಹೇಳುತ್ತಾನೆ: ಸೊಳ್ಳೆ ಕಚ್ಚಿದ್ದು.

ಸೊಳ್ಳೆ ಸ್ವಾಮಿ, ಸೊಳ್ಳೆ!

ಯಲ್ಲಾಪುರದ ಹುಡುಗಿ ಆಗಿದ್ದರೆ ಈ ದೃಶ್ಯವೇ ಇರುತ್ತಿರಲಿಲ್ಲ. ಸೊಳ್ಳೆ ಕಡಿದಿದ್ದು ಯಾವುದು, ಉಂಬಳ ಹಿಡಿದಿದ್ದು ಯಾವುದು, ತುರಿಕೆ ಸೊಪ್ಪು ತಾಗಿದ್ದು ಯಾವುದು ಅಂತ ನಮ್ಮವರು ಕತ್ತಲಲ್ಲಿ ಕೈ ಮುಟ್ಟಿಯೇ ಹೇಳುತ್ತಾರೆ. ಉಂಬಳ ಆದರೆ ಸುಣ್ಣ ಹಚ್ಚಿ ಮಲಗುತ್ತಾರೆ. ಎಫ್‌ಬಿಐ ಬೇಡ.

ಆದರೆ ನನ್ನ ಪ್ರಕಾರ ಇಡೀ ಧಾರಾವಾಹಿ ಇರುವುದು ಇಲ್ಲೇ. ಶವಪರೀಕ್ಷೆ ಮಾಡುವ ಡಾಕ್ಟರು, ಎಲ್ಲದಕ್ಕೂ ಕಾರಣ ಕೇಳುವವಳು, ಅರ್ಧ ನಿಮಿಷ ನಂಬಿಬಿಟ್ಟಳು. ಅವಳೇ ನಂಬಿದ ಮೇಲೆ ಸೋಫಾ ಮೇಲೆ ಕೂತ ನಮ್ಮ ಪಾಡೇನು? ಭೂತ ತೋರಿಸುವ ಖರ್ಚೇ ಬೇಡ, ನಂಬದವರ ಮುಖದಲ್ಲಿ ಹೆದರಿಕೆ ತೋರಿಸಿದರೆ ಸಾಕು. ನಮ್ಮಲ್ಲೂ ಹಾಗೇ. ಊರಿಗೆಲ್ಲ ಹೆದರುಪುಕ್ಕಲ ಅನಿಸಿಕೊಂಡವನು 'ಕೊಳ್ಳಿದೆವ್ವ ನೋಡಿದೆ' ಅಂದರೆ ನಗುತ್ತೇವೆ. ಸೈನ್ಸ್ ಮಾಸ್ತರರು ಅದೇ ಮಾತು ಹೇಳಿ ಸುಮ್ಮನಾದರೆ ಕವಳ ಬಾಯಲ್ಲೇ ನಿಲ್ಲುತ್ತದೆ. ಬತ್ತಿಯ ಬೆಳಕು, ಬರಿಬೆನ್ನು ಎಲ್ಲ ಇದ್ದರೂ ಅಲ್ಲಿ ಪ್ರೇಮ ಶುರುವಾಗುವುದಿಲ್ಲ. ಕಾರ್ಟರ್‌ಗೆ ಅದು ಬೇಡವಾಗಿತ್ತು. ಅವಳು ನಿಟ್ಟುಸಿರು ಬಿಡುತ್ತಾಳೆ, ಅವನು ಕತ್ತಲಲ್ಲಿ ಕೂತು ಎಂಟು ವರ್ಷದ ತಂಗಿ ಹಾಸಿಗೆಯಿಂದಲೇ ಕಾಣೆಯಾದ ಕಥೆ ಹೇಳುತ್ತಾನೆ. ಎಷ್ಟು ಚೆಂದ!

[ಬ್ಯಾಟರಿ ಕೆಂಪು ತೋರಿಸುತ್ತಿದೆ.]

ಅಯ್ಯೋ, ಸೊಳ್ಳೆಗೇ ಅರ್ಧ ಬ್ಯಾಟರಿ ಹೋಯಿತು. ಉಳಿದದ್ದು ಓಡಿಸುತ್ತೇನೆ. ಸ್ಕಲ್ಲಿ ಪಾತ್ರಕ್ಕೆ ಚಾನೆಲ್‌ನವರಿಗೆ ಇನ್ನೂ ಗ್ಲಾಮರ್ ಇರುವ ನಟಿ ಬೇಕಿತ್ತು. ಆಗ 24 ವರ್ಷದ ಜಿಲಿಯನ್ ಆಂಡರ್ಸನ್ ಅವರೇ ಆಗಬೇಕು ಅಂತ ಕಾರ್ಟರ್ ಹಟ ಹಿಡಿದರು. ಫಾಕ್ಸ್‌ನವರ ದೊಡ್ಡ ನಿರೀಕ್ಷೆ ಇದ್ದದ್ದು ಅದೇ ಶುಕ್ರವಾರ ಇದಕ್ಕಿಂತ ಮೊದಲು ಬರುತ್ತಿದ್ದ ಒಂದು ಕೌಬಾಯ್ ಧಾರಾವಾಹಿ ಮೇಲೆ. ಅದು ಒಂದೇ ಸೀಸನ್‌ಗೆ ನಿಂತಿತು. ಇದನ್ನು ಮೊದಲ ರಾತ್ರಿ ನೋಡಿದವರು ಸುಮಾರು 1.2 ಕೋಟಿ ಜನ. ಅವತ್ತಿನ ಅಮೆರಿಕದ ಲೆಕ್ಕದಲ್ಲಿ ಸಾಧಾರಣ, ಆಮೇಲೆ ನಿಧಾನಕ್ಕೆ ಏರಿತು. ಕೊನೆಗೆ ಒಟ್ಟು 11 ಸೀಸನ್, 218 ಕಂತು.

ಇನ್ನೊಂದು. ಎಲ್ಲರಿಗೂ ನೆನಪಿರುವ ಆ ಶಿಳ್ಳೆಯಂಥ ಸಂಗೀತ, ಮಾರ್ಕ್ ಸ್ನೋ ಮಾಡಿದ್ದು, ಮೊದಲ ಕಂತಿನಲ್ಲಿ ಇಲ್ಲವೇ ಇಲ್ಲ. ಟೈಟಲ್ ಹಾಡೇ ಇಲ್ಲದೆ ಶುರುವಾಗುತ್ತದೆ, ಸೀದಾ ಕಾಡಿಗೆ. ಹೇಗಿತ್ತು ಆ ಟ್ಯೂನು, ಒಮ್ಮೆ ತೋರಿಸುತ್ತೇನೆ...

[ಶಿಳ್ಳೆ. ಒಳಗಿನಿಂದ ಆಯಿಯ ಧ್ವನಿ: "ರಾತ್ರೆ ಸಿಳ್ಳೆ ಹೊಡಿಯಡ್ದೋ, ಹಾವು ಬತ್ತು!"]

ಇಲ್ಲ ಇಲ್ಲ, ನಿಲ್ಲಿಸಿದೆ ಆಯಿ.

[ಟಾರ್ಚ್ ಬೆಳಕು ಮಂಚದ ಅಡಿಗೆ ಹೋಗಿ ಬರುತ್ತದೆ.]

ಸುಮ್ನೆ ನೋಡಿದೆ.